ರಿಲೇ ಸೇವೆ ಬಿಟ್ಟು ಸ್ವಂತ ಸರ್ವರ್‌ನಿಂದಲೇ ಮೇಲ್ ಕಳುಹಿಸಿದ ನನ್ನ ಅನುಭವ

ಸ್ವಂತ ಸರ್ವರ್‌ನಿಂದ ಮೇಲ್ ಕಳುಹಿಸುವ ಕಾಲ ಮುಗಿಯಿತು, ರಿಲೇ ಸೇವೆಗೆ (ನಮ್ಮ ಮೇಲನ್ನು ತನ್ನ ಸರ್ವರ್‌ಗಳಿಂದ ತಲುಪಿಸುವ ಕಂಪನಿಗೆ) ದುಡ್ಡು ಕಟ್ಟಿ ನೆಮ್ಮದಿಯಾಗಿರಿ ಎಂದು ಈ ಕೆಲಸದಲ್ಲಿರುವವರೆಲ್ಲ ನನಗೆ ಹೇಳಿದ್ದರು. ಕಟ್ಟಿಯೂ ನೋಡಿದೆ. ಸರ್ವರ್‌ನ ಬಾಡಿಗೆಗಿಂತ ರಿಲೇಯ ಬಾಡಿಗೆಯೇ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನನ್ನಲ್ಲಿರುವುದು ಏಳೆಂಟು ಜಾಲತಾಣಗಳು. ಪಾಸ್‌ವರ್ಡ್ ಕೊಂಡಿ, ರಸೀದಿ, ಸಂಪರ್ಕ ಫಾರಂ ಎಲ್ಲ ಸೇರಿ ದಿನಕ್ಕೆ ಮುನ್ನೂರು, ನಾನೂರು ಮೇಲ್ ಹೋಗಬಹುದು. ಇಷ್ಟಕ್ಕೆ ಅಷ್ಟು ತೆರಲು ಮನಸ್ಸು ಒಪ್ಪಲಿಲ್ಲ. ಒಂದು ಸುದ್ದಿಪತ್ರದ ಹೊರತು ಉಳಿದೆಲ್ಲಕ್ಕೂ ರಿಲೇ ಬಿಟ್ಟು ವರ್ಷ ದಾಟಿದೆ; ಮೇಲ್ ಸ್ಪ್ಯಾಮ್‌ಗೆ ಬಿತ್ತೆಂಬ ದೂರು ಒಂದೂ ಬಂದಿಲ್ಲ.

ಪೋಸ್ಟ್‌ಫಿಕ್ಸ್ (ಮೇಲ್ ಕಳುಹಿಸುವ ತಂತ್ರಾಂಶ) ಅನುಸ್ಥಾಪನೆ, ಅದನ್ನು ಲೂಪ್‌ಬ್ಯಾಕ್‌ಗೆ (ಅದೇ ಸರ್ವರ್‌ನ ಒಳಗಿನ ಸಂಪರ್ಕಕ್ಕೆ) ಮಾತ್ರ ಕಟ್ಟಿಹಾಕುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ಹಣ ಪೋಲಾದದ್ದು ಐಪಿ ವಿಳಾಸದಲ್ಲಿ. ಒಂದು ಹೋಸ್ಟಿಂಗ್ ಕಂಪನಿಗೆ ಇಡೀ ವರ್ಷದ ಬಾಡಿಗೆ ಮುಂಗಡ ಕೊಟ್ಟಿದ್ದೆ. ಅವರು ಮೇಲ್ ಹೊರಹೋಗುವ 25ನೇ ಪೋರ್ಟ್ ಮುಚ್ಚಿಟ್ಟಿದ್ದರು. ಬೇಡಿಕೆ ಸಲ್ಲಿಸಿ ತೆರೆಸಿಕೊಂಡ ಮೇಲೆ ತಿಳಿಯಿತು, ನನ್ನ ಐಪಿ ಮಾತ್ರವಲ್ಲ, ಅಕ್ಕಪಕ್ಕದ ವಿಳಾಸಗಳೂ ಸ್ಪ್ಯಾಮ್ ಕಳುಹಿಸುವವರ ಕಪ್ಪುಪಟ್ಟಿಯಲ್ಲಿವೆ. ಮುಂಗಡ ಮರಳಿ ಬರಲಿಲ್ಲ. ಅಂದಿನಿಂದ ಗಂಟೆ ಲೆಕ್ಕದಲ್ಲಿ ಬಾಡಿಗೆ ತೆಗೆದುಕೊಳ್ಳುವ ಕಡೆ ಖಾಲಿ ಸರ್ವರ್ ಎಬ್ಬಿಸಿ, ಬಂದ ಐಪಿಯನ್ನು ಅಂಥ ಪಟ್ಟಿಗಳನ್ನು ಇಡುವ ಸ್ಪ್ಯಾಮ್‌ಹೌಸ್‌ನ ಹುಡುಕಾಟದಲ್ಲಿ ನೋಡುತ್ತೇನೆ. ಹಿಡಿಸದಿದ್ದರೆ ಆಗಲೇ ಅಳಿಸಿ ಇನ್ನೊಂದು ಎಬ್ಬಿಸುತ್ತೇನೆ. ಖರ್ಚು ಪುಡಿಗಾಸು. ಒಳ್ಳೆಯ ವಿಳಾಸ ಸಿಕ್ಕ ಮೇಲಷ್ಟೇ ಜಾಲತಾಣಗಳನ್ನು ಅಲ್ಲಿಗೆ ಸಾಗಿಸುವುದು.

ಪಿಟಿಆರ್ ದಾಖಲೆ (ಐಪಿಯಿಂದ ಹೆಸರು ಹೇಳುವುದು), ಪೋಸ್ಟ್‌ಫಿಕ್ಸ್‌ನ ‘ಮೈಹೋಸ್ಟ್‌ನೇಮ್’ (ಸರ್ವರ್ ತನ್ನದೆಂದು ಹೇಳುವ ಹೆಸರು), ಆ ಹೆಸರಿನ ಎ ದಾಖಲೆ (ಹೆಸರಿನಿಂದ ಐಪಿ ಹೇಳುವುದು), ಮೂರೂ ಒಂದನ್ನೊಂದು ತೋರಿಸಬೇಕು. ಅದು ಹತ್ತು ನಿಮಿಷದ ಕೆಲಸ.

ಇಷ್ಟೆಲ್ಲ ಸರಿಯಿದ್ದೂ ಮೇಲ್ ಸ್ಪ್ಯಾಮ್‌ಗೇ ಬೀಳುತ್ತಿತ್ತು. ಲಾಗ್‌ನಲ್ಲಿ ಮಾತ್ರ ‘250’ (ಸ್ವೀಕರಿಸಿದೆ) ಎಂಬ ಉತ್ತರ, ಪಕ್ಕದಲ್ಲಿ ‘ಸೆಂಟ್’ ಎಂಬ ನೆಮ್ಮದಿಯ ಮಾತು. ಲಾಗ್ ನಂಬಿದವರು ಇಲ್ಲೇ ಕೈಚೆಲ್ಲುತ್ತಾರೆ. ನಾನು ತಲುಪಿದ ಮೇಲ್‌ನ ಪೂರ್ಣ ಹೆಡರ್ (ಮೇಲ್‌ನ ತಲೆಯ ತಾಂತ್ರಿಕ ವಿವರ) ಬಿಚ್ಚಿ ನೋಡಿದೆ: ಎಸ್‌ಪಿಎಫ್ (ಡೊಮೇನ್‌ನ ಹೆಸರಲ್ಲಿ ಯಾವ ಐಪಿ ಕಳುಹಿಸಬಹುದೆಂಬ ಪಟ್ಟಿ) ಪಾಸ್, ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಇಲ್ಲವೇ ಇಲ್ಲ, ಡಿಮಾರ್ಕ್ (ಇವೆರಡರಲ್ಲೊಂದು ‘ಫ್ರಮ್’ ಡೊಮೇನ್‌ಗೆ ತಾಳೆಯಾಗಬೇಕೆಂಬ ನಿಯಮ) ಫೇಲ್. ಎಸ್‌ಪಿಎಫ್ ಪಾಸಾಗಿದ್ದರೂ ಅದು ಪಾಸಾದದ್ದು ಸರ್ವರ್‌ನ ಹೆಸರಿಗೆ, ಜಾಲತಾಣದ ಡೊಮೇನ್‌ಗಲ್ಲ. ಜಾಲತಾಣಗಳನ್ನು ಓಡಿಸುವ ಪಿಎಚ್‌ಪಿಯ ಮೇಲ್ ಫಂಕ್ಷನ್ ಲಕೋಟೆಯ ಮೇಲೆ (ಸರ್ವರ್‌ಗಳು ಒಂದಕ್ಕೊಂದು ಹೇಳುವ ಕಳುಹಿಸಿದವರ ವಿಳಾಸದಲ್ಲಿ) ವೆಬ್ ಸರ್ವರ್ ಬಳಕೆದಾರನ ವಿಳಾಸವನ್ನೇ ಬರೆದು ಕಳುಹಿಸುತ್ತಿತ್ತು. ಒಳಗಿನ ‘ಫ್ರಮ್’ ಸಾಲಿಗೂ ಅದಕ್ಕೂ ತಾಳೆಯಿಲ್ಲದಿದ್ದರೆ ಡಿಮಾರ್ಕ್‌ಗೆ ಆ ಪಾಸ್ ಲೆಕ್ಕಕ್ಕೇ ಇಲ್ಲ.

ಇದಕ್ಕೆ ಪ್ರತಿ ಜಾಲತಾಣದ ಪಿಎಚ್‌ಪಿ ಪೂಲ್ ಕಡತದಲ್ಲಿ (ಆ ತಾಣದ ಪಿಎಚ್‌ಪಿ ಸೆಟ್ಟಿಂಗ್‌ನಲ್ಲಿ) ಮೇಲ್ ಕಳುಹಿಸುವ ಆದೇಶವಾದ ‘ಸೆಂಡ್‌ಮೇಲ್ ಪಾಥ್’ ಬೇರೆಬೇರೆ ಇಟ್ಟೆ; ಪ್ರತಿಯೊಂದಕ್ಕೂ ಲಕೋಟೆಯ ವಿಳಾಸ ಹೇಳುವ ‘-ಎಫ್’ ಜೊತೆ ಆಯಾ ಡೊಮೇನ್‌ನ ವಿಳಾಸ. ಎಸ್‌ಪಿಎಫ್‌ಗೆ ಸರ್ವರ್‌ನ ಐಪಿಯನ್ನು ನೇರವಾಗಿ ಸೇರಿಸಿದೆ. ಒಂದು ಡೊಮೇನ್‌ನಲ್ಲಿ ಹಳೆಯ ‘ಇನ್‌ಕ್ಲೂಡ್’ಗಳೇ (ಬೇರೆ ಸೇವೆಗಳ ಪಟ್ಟಿ ಸೇರಿಸುವ ಸಾಲುಗಳೇ) ತುಂಬಿ ಎಸ್‌ಪಿಎಫ್‌ನ 10 ಡಿಎನ್‌ಎಸ್ (ಡೊಮೇನ್‌ಗಳ ಸಾರ್ವಜನಿಕ ದಾಖಲೆ) ಹುಡುಕಾಟದ ಮಿತಿಯ ಅಂಚಿಗೆ ಬಂದಿತ್ತು. ಐಪಿಯನ್ನು ನೇರವಾಗಿ ಬರೆದರೆ ಅದು ಆ ಮಿತಿಗೆ ಸೇರುವುದಿಲ್ಲ.

ಇನ್ನು ಡಿಕಿಮ್. ಸಹಿ ಹಾಕುವ ತಂತ್ರಾಂಶ ಓಪನ್‌ಡಿಕಿಮ್ ಓಡುತ್ತಿತ್ತು, ಕೀಲಿ ಡಿಎನ್‌ಎಸ್‌ನಲ್ಲಿತ್ತು, ಪರೀಕ್ಷಾ ಆದೇಶ ಕೊಟ್ಟರೆ ‘ಕೀ ಓಕೆ’ ಎನ್ನುತ್ತಿತ್ತು. ಆದರೂ ಮೇಲ್‌ಗೆ ಸಹಿ ಬೀಳುತ್ತಿರಲಿಲ್ಲ. ಹೆಚ್ಚಿನ ಬರಹಗಳು ಪೋಸ್ಟ್‌ಫಿಕ್ಸ್ ಮೇಲನ್ನು ಸಹಿಗೆ ಒಪ್ಪಿಸುವಂತೆ ಮಾಡುವ ‘ಎಸ್‌ಎಂಟಿಪಿಡಿ ಮಿಲ್ಟರ್ಸ್’ ಸಾಲೊಂದನ್ನೇ ಹೇಳಿ ಮುಗಿಸುತ್ತವೆ. ಅದು ಎಸ್‌ಎಂಟಿಪಿ (ಜಾಲದಲ್ಲಿ ಮೇಲ್ ಸಾಗಿಸುವ ವಿಧಾನ) ಮೂಲಕ ಬರುವ ಮೇಲ್‌ಗೆ. ಪಿಎಚ್‌ಪಿಯ ಮೇಲ್ ಬರುವುದು ಸೆಂಡ್‌ಮೇಲ್ ಆದೇಶದ ದಾರಿಯಲ್ಲಿ. ಅದಕ್ಕೆ ‘ನಾನ್ ಎಸ್‌ಎಂಟಿಪಿಡಿ ಮಿಲ್ಟರ್ಸ್’ ಎಂಬ ಇನ್ನೊಂದು ಸಾಲೇ ಬೇಕು. ಅದನ್ನು ಸೇರಿಸಿ ರೀಲೋಡ್ ಮಾಡಿದೊಡನೆ ಹೆಡರ್‌ನಲ್ಲಿ ಮೂರೂ ಪಾಸ್ ಬಂದವು, ಮೇಲ್ ನೇರವಾಗಿ ಇನ್‌ಬಾಕ್ಸ್‌ಗೆ ಹೋಯಿತು. ಆ ಹೆಡರನ್ನು ‘ಆಗದು’ ಎಂದಿದ್ದವರಿಗೆಲ್ಲ ಕಳುಹಿಸಿಕೊಟ್ಟೆ. ಕೀಲಿ 2048 ಬಿಟ್‌ನದಾದರೆ ದಾಖಲೆಯ ಸಾಲು 255 ಅಕ್ಷರ ಮೀರುತ್ತದೆ, ಒಡೆದು ಬರೆಯಬೇಕು. ನನ್ನ ಒಂದು ಡಿಎನ್‌ಎಸ್ ಫಲಕ ಏನನ್ನೂ ಹೇಳದೆ ಬಾಲ ಕತ್ತರಿಸಿತ್ತು. ಡಿಎನ್‌ಎಸ್ ದಾಖಲೆ ತೋರಿಸುವ ‘ಡಿಗ್’ ಆದೇಶ ಹಾಕಿ ಕೊನೆಯ ಅಕ್ಷರದವರೆಗೆ ತಾಳೆ ನೋಡಿ.

ನಡುವೆ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಪ್ರಯೋಗವನ್ನೂ ಮಾಡಿದೆ. ಅದರ ಪಿಟಿಆರ್ ಸರಿಯಿಟ್ಟರೂ ಕೆಲವು ಕಡೆ ತಿರಸ್ಕಾರ ತಪ್ಪಲಿಲ್ಲ. ಪೋಸ್ಟ್‌ಫಿಕ್ಸ್‌ನ ‘ಇನೆಟ್ ಪ್ರೋಟೋಕಾಲ್ಸ್’ ಸಾಲನ್ನು ಐಪಿವಿ4ಕ್ಕೆ ಸೀಮಿತಗೊಳಿಸಿದ ದಿನದಿಂದ ಆ ತೊಂದರೆ ಇಲ್ಲ. ಇನ್ನೊಂದು, ತಲುಪದ ಮೇಲ್ ಕಾಯುವ ಸರತಿಯ ಆಯುಷ್ಯ. ಪೋಸ್ಟ್‌ಫಿಕ್ಸ್ ತಾನಾಗಿ 5 ದಿನ ಪ್ರಯತ್ನಿಸುತ್ತದೆ. ಪಾಸ್‌ವರ್ಡ್ ಕೊಂಡಿ ಐದನೇ ದಿನ ತಲುಪಿದರೆ ಯಾರಿಗೆ ಬೇಕು? ನಾನು ಅದನ್ನು ಕೆಲವೇ ಗಂಟೆಗೆ ಇಳಿಸಿದ್ದೇನೆ, ಗ್ರೇಲಿಸ್ಟಿಂಗ್ ಮಾಡುವ (ಮೊದಲ ಸಲ ತಡೆದು ಮತ್ತೆ ಬಾ ಎನ್ನುವ) ಸರ್ವರ್‌ಗಳಿಗೆ ಅಷ್ಟು ಸಾಕಾಗಿದೆ.

ಹೊಸ ಐಪಿಯಿಂದ ಮೊದಲ ವಾರಗಳಲ್ಲಿ ನಿಧಾನವಾಗಿ ಕಳುಹಿಸಬೇಕು. ದೊಡ್ಡ ಮೇಲ್ ಸೇವೆಗಳಿಗೆ ಬೇರೆ ಟ್ರಾನ್ಸ್‌ಪೋರ್ಟ್ (ಕಳುಹಿಸುವ ದಾರಿ) ಮಾಡಿ ವೇಗಕ್ಕೆ ಕಡಿವಾಣ ಹಾಕಿದ್ದೇನೆ. ಯಾರಿಗೆ ಎಷ್ಟು ಅಂತರ ಎಂಬ ಅಂಕಿಗಳನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಅದು ನನ್ನ ತಿಂಗಳುಗಟ್ಟಲೆ ದುಡಿಮೆ. 2024ರ ಫೆಬ್ರವರಿಯಿಂದ ಜಿಮೇಲ್ ದಿನಕ್ಕೆ 5000ಕ್ಕೂ ಹೆಚ್ಚು ಕಳುಹಿಸುವವರಿಗೆ ಡಿಮಾರ್ಕ್ ಕಡ್ಡಾಯ ಮಾಡಿದೆ. ನಮ್ಮ ಪ್ರಮಾಣಕ್ಕೆ ಅದು ತಟ್ಟದಿದ್ದರೂ ಇಟ್ಟುಕೊಳ್ಳುವುದೇ ಲೇಸು. ಮೊದಲು ಡಿಮಾರ್ಕ್‌ನಲ್ಲಿ ‘ನನ್’ (ಫೇಲಾದರೂ ಕ್ರಮ ಬೇಡ) ಇಟ್ಟು ವರದಿಗಳನ್ನು ಓದಿದೆ. ನನ್ನದಲ್ಲದ ಐಪಿಗಳಷ್ಟೇ ಫೇಲ್ ಆಗುತ್ತಿವೆ ಎಂದು ಖಾತ್ರಿಯಾದ ಮೇಲೆ ಒಂದೊಂದೇ ಡೊಮೇನನ್ನು ‘ರಿಜೆಕ್ಟ್’ಗೆ (ಫೇಲಾದರೆ ತಿರಸ್ಕರಿಸಿ) ಏರಿಸಿದೆ. ಈಗ ಉಳಿದಿರುವುದು ಒಂದೇ. ಅದರ ಸುದ್ದಿಪತ್ರ ಇನ್ನೂ ಹಳೆಯ ರಿಲೇಯಿಂದ ಹೋಗುತ್ತಿದೆ, ರಿಲೇಯ ಬಾಡಿಗೆ ಅವಧಿ ಮುಗಿದೊಡನೆ ಸುದ್ದಿಪತ್ರವನ್ನೂ ಇಲ್ಲಿಗೆ ತರುತ್ತೇನೆ.