ಲಿಪಿಡ್ ಕಣದೊಳಗೆ ಆರ್‌ಎನ್‌ಎ: ಲ್ಯಾಬಿನಲ್ಲಿ ನಾನು ಕಂಡದ್ದು

ಕಾಸರಗೋಡಿನ ಮಳೆಗಾಲದಲ್ಲಿ ಲಿಪಿಡ್, ಅಂದರೆ ಕೊಬ್ಬಿನಂಥ ವಸ್ತುವಿನ ಬಾಟಲಿ ತೆರೆಯಲಿಕ್ಕೆ ತಾಳ್ಮೆ ಬೇಕು. ಮೈನಸ್ 20 ಡಿಗ್ರಿಯ ಫ್ರೀಜರಿನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚಿದರೆ ಗಾಳಿಯ ತೇವವೆಲ್ಲ ಒಳಗೆ ನೀರಾಗಿ ಕೂರುತ್ತದೆ. ಆಮೇಲೆ ತೂಕವೂ ಸರಿ ಬರುವುದಿಲ್ಲ, ಲಿಪಿಡ್ ಕೂಡ ಬೇಗ ಹಾಳಾಗುತ್ತದೆ. ಹಾಗಾಗಿ ತಣ್ಣಗಿರುವುದು ಪೂರ್ತಿ ಬಿಡುವವರೆಗೆ ನಾನು ಬಾಟಲಿಯನ್ನು ಮುಚ್ಚಿಯೇ ಇಡುತ್ತೇನೆ. ಕೆಲಸ ಮುಗಿದ ಮೇಲೆ ಆರ್ಗಾನ್ ಅನಿಲ ಹಾಯಿಸಿ ಮುಚ್ಚುತ್ತೇನೆ.

ನನ್ನ ಕೆಲಸ ಪ್ರೋಟೀನ್ ಮಾಡಲು ಕೋಶಕ್ಕೆ ಸೂಚನೆ ಕೊಡುವ ಮೆಸೆಂಜರ್ ಆರ್‌ಎನ್‌ಎಯನ್ನು ಲಿಪಿಡ್ ನ್ಯಾನೋ ಕಣದಲ್ಲಿ ತುಂಬಿ ಜೀವಕೋಶದೊಳಗೆ ತಲುಪಿಸುವುದು. ಜೀನ್ ಚಿಕಿತ್ಸೆಗೆ ವೈರಸ್ ಇದೆಯಲ್ಲ, ಇದು ಯಾಕೆ ಅಂತ ಕೇಳುತ್ತಾರೆ. ಜಾಸ್ತಿ ಬಳಕೆಯಲ್ಲಿರುವ ಎಎವಿ ವೈರಸ್ಸಿನಲ್ಲಿ ಸುಮಾರು 4,700 ಡಿಎನ್‌ಎ ಅಕ್ಷರದಷ್ಟು ಜೀನ್ ಮಾತ್ರ ಹಿಡಿಯುತ್ತದೆ. ಒಮ್ಮೆ ಕೊಟ್ಟರೆ ದೇಹ ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುತ್ತದೆ, ಎರಡನೇ ಸಲ ಕೊಡುವುದು ಕಷ್ಟ. ಲಿಪಿಡ್ ಕಣವನ್ನು ಮತ್ತೆ ಕೊಡಬಹುದು. 2025ರಲ್ಲಿ ಫಿಲಡೆಲ್ಫಿಯಾದ ಒಂದು ಮಗುವಿಗೆ, ಅದರ ಅಪರೂಪದ ಲಿವರ್ ಕಾಯಿಲೆಗೆಂದೇ ತಯಾರಿಸಿದ, ಜೀನಿನ ತಪ್ಪು ತಿದ್ದುವ ಜೀನ್ ಎಡಿಟರನ್ನು ಹೀಗೆ ಒಂದಕ್ಕಿಂತ ಹೆಚ್ಚು ಸಲ ಕೊಟ್ಟರು. ಆ ಸುದ್ದಿ ಓದಿದ ದಿನ ನನಗೆ ಬಹಳ ಖುಷಿಯಾಗಿತ್ತು.

ಅಳತೆಯಲ್ಲಿ ಗುಟ್ಟೇನೂ ಇಲ್ಲ. ಎಂಸಿ3 ಎಂಬ ಲಿಪಿಡ್ 50, ಡಿಎಸ್‌ಪಿಸಿ 10, ಕೊಲೆಸ್ಟರಾಲ್ 38.5, ಪೆಗ್-ಲಿಪಿಡ್ 1.5, ಎಲ್ಲ ಮೋಲ್ ಲೆಕ್ಕದಲ್ಲಿ, ಅಂದರೆ ನೂರು ಅಣುಗಳಲ್ಲಿ ಎಷ್ಟು ಎಂದು. 2018ರಲ್ಲಿ ಒಪ್ಪಿಗೆ ಸಿಕ್ಕ ಪಟಿಸಿರಾನ್ ಎಂಬ ಆರ್‌ಎನ್‌ಎ ಔಷಧಿಯದ್ದೂ ಇದೇ ಅಳತೆ. ಇವನ್ನು ಎಥನಾಲಿನಲ್ಲಿ ಕರಗಿಸುತ್ತೇನೆ. ಆರ್‌ಎನ್‌ಎ ಪಿಎಚ್ 4ರ ಸಿಟ್ರೇಟ್ ಬಫರಿನಲ್ಲಿ ಇರುತ್ತದೆ. ಬಫರ್ ಮೂರು ಪಾಲು, ಎಥನಾಲ್ ಒಂದು ಪಾಲು. ಆ ಹುಳಿಯಲ್ಲಿ ಎಂಸಿ3ಗೆ ಧನ ವಿದ್ಯುದಂಶ ಬರುತ್ತದೆ, ಋಣದ ಆರ್‌ಎನ್‌ಎಯನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಡಯಾಲಿಸಿಸ್ ಮಾಡಿ, ಅಂದರೆ ತೆಳು ಪೊರೆಯ ಮೂಲಕ ಸೋಸಿ, ಪಿಎಚ್ 7.4ಕ್ಕೆ ತರಬೇಕು, ಎಥನಾಲೂ ಹೋಗಬೇಕು.

ಬೆರೆಸುವ ವೇಗ ಕಣದ ಗಾತ್ರವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಪಿಪೆಟ್ಟಿನಲ್ಲಿ ಬೆರೆಸಿದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಗಾತ್ರ. ಸಿರಿಂಜ್ ಪಂಪ್ ಮತ್ತು ಸಪೂರ ಕಾಲುವೆಗಳಲ್ಲಿ ದ್ರವ ಬೆರೆಸುವ ಮೈಕ್ರೋಫ್ಲೂಯಿಡಿಕ್ ಚಿಪ್ ಬಂದ ಮೇಲೆ ಒಂದೇ ಸಮ ಬರತೊಡಗಿತು. ಆದರೂ ಚಿಪ್ ಇಲ್ಲ ಅಂತ ಯಾರೂ ಸುಮ್ನೆ ಕೂರಬೇಕಾಗಿಲ್ಲ. ಜೀವಕೋಶದ ಮೇಲಿನ ಮೊದಲ ಪರೀಕ್ಷೆಗಳಿಗೆ ಪಿಪೆಟ್ ಸಾಕು. ಕೈಗವಸು ಮಾತ್ರ ಆಗಾಗ ಬದಲಿಸಿ. ಬೆವರಿನಲ್ಲೂ ಆರ್‌ಎನ್‌ಎಯನ್ನು ತುಂಡು ಮಾಡುವ ಎಂಜೈಮ್ ಇರುತ್ತದೆ, ನಮ್ಮ ಸೆಕೆಯೋ ಕೇಳುವುದೇ ಬೇಡ.

ಗಾತ್ರ 80ರಿಂದ 100 ನ್ಯಾನೋಮೀಟರ್, ಗಾತ್ರ ಎಷ್ಟು ಏರುಪೇರು ಎಂದು ಹೇಳುವ ಪಿಡಿಐ 0.2ಕ್ಕಿಂತ ಕಡಿಮೆ ಬಂದರೆ ಎಲ್ಲರಿಗೂ ಸಮಾಧಾನ. ಟ್ರೈಟಾನ್ ಎಂಬ ಸೋಪಿನಂಥ ದ್ರವ ಹಾಕಿ ಕಣ ಒಡೆದು, ಒಡೆಯುವ ಮೊದಲು ಮತ್ತು ಆಮೇಲೆ ರೈಬೋಗ್ರೀನ್ ಬಣ್ಣದಲ್ಲಿ ಅಳೆದರೆ ಎಷ್ಟು ಆರ್‌ಎನ್‌ಎ ಒಳಗಿದೆ ಅಂತಲೂ ತಿಳಿಯುತ್ತದೆ. ಆದರೆ ಇಷ್ಟಕ್ಕೇ ನಂಬಬೇಡಿ. ಎರಡು ಬೇರೆ ಲಿಪಿಡ್‌ಗಳಿಂದ ನಾನು ಕಣ ಮಾಡಿದೆ. ಗಾತ್ರವೂ ಒಂದೇ, ಒಳಗಿದ್ದ ಆರ್‌ಎನ್‌ಎಯೂ ಹೆಚ್ಚುಕಡಿಮೆ ಅಷ್ಟೇ. ಲೂಸಿಫರೇಸ್ ಎಂಬ ಬೆಳಕು ಹೊಮ್ಮಿಸುವ ಪ್ರೋಟೀನಿನ ಆರ್‌ಎನ್‌ಎ ತುಂಬಿ ಲಿವರಿನ ಹೆಪ್‌ಜಿ2 ಕೋಶಗಳಿಗೆ ಕೊಟ್ಟಾಗ ಒಂದು ಚೆನ್ನಾಗಿ ಬೆಳಗಿತು, ಇನ್ನೊಂದರಲ್ಲಿ ಬೆಳಕೇ ಇಲ್ಲ ಅನ್ನುವಷ್ಟು ಮಂಕು.

ಯಾಕೆಂದರೆ ಕೋಶ ಕಣವನ್ನು ನುಂಗಿ ಎಂಡೋಸೋಮ್ ಎಂಬ ಸಣ್ಣ ಚೀಲದಲ್ಲಿ ಇಡುತ್ತದೆ. ಆ ಚೀಲ ಹುಳಿಯಾಗುತ್ತಾ ಹೋಗುತ್ತದೆ. ಲಿಪಿಡ್‌ಗೆ ಆಗ ಮತ್ತೆ ವಿದ್ಯುದಂಶ ಬಂದು ಚೀಲದ ಪೊರೆಯನ್ನು ಕೆಡಿಸಿದರೆ ಮಾತ್ರ ಆರ್‌ಎನ್‌ಎ ಹೊರಗೆ. ಇಲ್ಲದಿದ್ದರೆ ಅಲ್ಲೇ ಜೀರ್ಣವಾಗುತ್ತದೆ. ಒಳ್ಳೆಯ ಕಣದಲ್ಲೂ ನೂರರಲ್ಲಿ ಒಂದೆರಡು ಪಾಲು ಮಾತ್ರ ಹೊರಗೆ ಬರುತ್ತದೆ ಎಂದು 2013ರ ಒಂದು ಅಧ್ಯಯನ ತೋರಿಸಿತ್ತು. ಲಿಪಿಡ್‌ನ ಅರ್ಧದಷ್ಟು ಅಣುಗಳಿಗೆ ವಿದ್ಯುದಂಶ ಬರುವ ಪಿಎಚ್‌ಗೆ ಪಿಕೆಎ ಎನ್ನುತ್ತಾರೆ, ಎಂಸಿ3ಗೆ ಅದು ಸುಮಾರು 6.4. ಈಗ ಹೊಸ ಲಿಪಿಡ್ ಕೈಗೆ ಬಂದರೆ ನಾನು ಮೊದಲು ಟಿಎನ್‌ಎಸ್ ಬಣ್ಣದಿಂದ ಕಣದ ಪಿಕೆಎ ನೋಡುತ್ತೇನೆ. ಅದು 6 ಮತ್ತು 7ರ ನಡುವೆ ಇಲ್ಲದಿದ್ದರೆ ಗಾತ್ರ ಎಷ್ಟು ಚೆಂದವಿದ್ದರೂ ನನಗೆ ಅದರಲ್ಲಿ ಆಸೆ ಇಲ್ಲ.

ಕಾಸರಗೋಡಿನ ಎಣ್ಮಕಜೆಯ ಒಬ್ಬ ತಾಯಿ ಕೇಳಿದರು, "ಅಕ್ಕ, ನೀವು ಮಾಡುವ ಮದ್ದು ನಮ್ಮ ಹುಡುಗನಿಗೆ ಆಗ್ಲಿಕ್ಕುಂಟಾ?" ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರು ಅದು. ನಾನು ಇಲ್ಲ ಎಂದೆ. ಗೊತ್ತಿರುವ ಒಂದು ಜೀನ್ ಕೆಟ್ಟಿದ್ದರೆ ಅದನ್ನು ಸರಿಮಾಡುವ ದಾರಿ ಇದು. ವಿಷದಿಂದ, ಅದೂ ಬೆಳೆಯುವ ಮಿದುಳಿಗೆ ಆದ ಪೆಟ್ಟು ಬೇರೆ ಬಗೆಯದು. ಆ ಮಕ್ಕಳಿಗೆ ಈಗ ಬೇಕಾದ್ದು ಆರೈಕೆ, ಥೆರಪಿ, ಪಿಂಚಣಿ. ನಮ್ಮ ಕೆಲಸದ ಹೆಸರಲ್ಲಿ ಯಾರೂ ಅವರಿಗೆ ಸುಳ್ಳು ಆಸೆ ತೋರಿಸಬಾರದು.

ಕಣವನ್ನು ಬೇಕಾದ ಅಂಗಕ್ಕೆ ಕಳಿಸುವುದರಲ್ಲಿ ಇನ್ನೊಂದು ತೊಡಕೂ ಇದೆ. ರಕ್ತಕ್ಕೆ ಹೋದ ಕಣಕ್ಕೆ ಎಪೊ-ಇ ಎಂಬ ಪ್ರೋಟೀನ್ ಅಂಟಿಕೊಳ್ಳುತ್ತದೆ, ಲಿವರ್ ಅದನ್ನು ಗುರುತಿಸಿ ಎಳೆದುಕೊಳ್ಳುತ್ತದೆ. ಲಿವರಿನ ಕಾಯಿಲೆಗೆ ಅದು ಅನುಕೂಲವೇ, ಶ್ವಾಸಕೋಶಕ್ಕೋ ಸ್ನಾಯುವಿಗೋ ಕಳಿಸಬೇಕಾದರೆ ಕಷ್ಟ. ಡೊಟ್ಯಾಪ್ ಎಂಬ ಐದನೇ ಲಿಪಿಡ್ ಸೇರಿಸಿದರೆ ಇಲಿಗಳಲ್ಲಿ ಕಣ ಶ್ವಾಸಕೋಶದ ಕಡೆ ತಿರುಗುತ್ತದೆ ಎಂದು 2020ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ನಾನೀಗ ಅದರ ಪಾಲನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ ನೋಡುತ್ತಿದ್ದೇನೆ. ಡೊಟ್ಯಾಪ್‌ನ ವಿದ್ಯುದಂಶ ಎಂದೂ ಹೋಗುವುದಿಲ್ಲ, ಅದು ಕೋಶಕ್ಕೆ ಪೆಟ್ಟು ಕೊಡಬಹುದು. ಹಾಗಾಗಿ ಪ್ರತಿ ಹಂತದಲ್ಲೂ ಎಷ್ಟು ಕೋಶಗಳು ಸಾಯುತ್ತವೆ ಎಂಬ ಲೆಕ್ಕವನ್ನೂ ಜೊತೆಗೇ ಬರೆದಿಡುತ್ತೇನೆ.