ನವಜಾತ ಶಿಶುವಿನ ಹರ್ಪಿಸ್ ಸೋಂಕು: ಅಸೈಕ್ಲೋವಿರ್ ಚಿಕಿತ್ಸೆ ನಡೆಸುವ ಕ್ರಮ

ಹುಟ್ಟಿದ ಆರು ವಾರಗಳೊಳಗೆ ಮಗುವಿಗೆ ನೀರುಗುಳ್ಳೆ ಎದ್ದರೆ, ಜ್ವರ ಅಥವಾ ಫಿಟ್ಸ್ ಬಂದರೆ, ಹಾಲು ಕುಡಿಯದೆ ಮಂಕಾದರೆ ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದೆಂದು ತಿಳಿದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಮಿದುಳಿಗೋ ಯಕೃತ್ತಿಗೋ ಸೋಂಕು ತಗುಲಿದ ಎಷ್ಟೋ ಶಿಶುಗಳ ಮೈಮೇಲೆ ಗುಳ್ಳೆಯೇ ಇರುವುದಿಲ್ಲ, ತಾಯಿಗೂ ತನಗೆ ಸೋಂಕಿದ್ದುದು ಗೊತ್ತಿರುವುದಿಲ್ಲ. ಗುಳ್ಳೆ ಏಳಲಿ ಎಂದು ಕಾಯುತ್ತ ಕಳೆದ ದಿನವನ್ನು ಯಾವ ಔಷಧಿಯೂ ಮರಳಿ ಕೊಡದು.

ಕಣ್ಣು, ಬಾಯಿ, ಮೂಗು, ಗುದದ್ವಾರ ಹಾಗೂ ಗುಳ್ಳೆಯ ಬುಡದಿಂದ ಸ್ವಾಬ್ (ಹತ್ತಿ ಕಡ್ಡಿಯಿಂದ ಒರೆಸಿದ ಮಾದರಿ) ತೆಗೆದು, ರಕ್ತ ಮತ್ತು ಬೆನ್ನುಹುರಿಯ ದ್ರವವನ್ನು ವೈರಸ್‌ನ ಆನುವಂಶಿಕ ವಸ್ತುವನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ಕಳುಹಿಸಬೇಕು. ವರದಿ ಬರುವ ಮೊದಲೇ ಔಷಧಿ ಆರಂಭವಾಗಬೇಕು. ಮಗುವಿನ ಸ್ಥಿತಿ ಬೆನ್ನುಹುರಿಯ ದ್ರವ ತೆಗೆಯುವಂತಿಲ್ಲದಿದ್ದರೆ ಆ ಪರೀಕ್ಷೆಯನ್ನು ಮುಂದಕ್ಕೆ ಹಾಕಬಹುದು, ಔಷಧಿಯನ್ನಲ್ಲ.

ವೈರಸ್ ನಿರೋಧಕ ಔಷಧಿಯಾದ ಅಸೈಕ್ಲೋವಿರ್ ಅನ್ನು ಕಿಲೋ ತೂಕಕ್ಕೆ 20 ಮಿಲಿಗ್ರಾಂನಂತೆ ಎಂಟು ಗಂಟೆಗೊಮ್ಮೆ ರಕ್ತನಾಳದ ಮೂಲಕ ಕೊಡಲಾಗುತ್ತದೆ. ಮೂರು ಕಿಲೋ ತೂಗುವ ಮಗುವಿಗೆ ಪ್ರತಿ ಸಲ 60 ಮಿಲಿಗ್ರಾಂ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಮತ್ತು ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಈ ಅಂತರವನ್ನು ತಜ್ಞರು ಬದಲಿಸುತ್ತಾರೆ. ಔಷಧಿಯನ್ನು ಸಿರಿಂಜ್ ಪಂಪಿನಲ್ಲಿ ಒಂದು ಗಂಟೆ ಹರಿಸಬೇಕು, ಏಕೆಂದರೆ ಬೇಗ ನುಗ್ಗಿಸಿದರೆ ಅದು ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ದೇಹದಲ್ಲಿ ನೀರಿನಂಶ ಸಾಕಷ್ಟಿರುವಂತೆಯೂ ನೋಡಿಕೊಳ್ಳಬೇಕು. ಈ ದ್ರಾವಣ ತೀಕ್ಷ್ಣ ಕ್ಷಾರೀಯವಾದ್ದರಿಂದ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮವೇ ಸುಟ್ಟಂತಾಗುತ್ತದೆ. ಹಾಗಾಗಿ ರಕ್ತನಾಳಕ್ಕೆ ಚುಚ್ಚಿಟ್ಟ ಕ್ಯಾನುಲಾದ (ಸಣ್ಣ ಕೊಳವೆಯ) ಸುತ್ತ ಬಟ್ಟೆ ಸುತ್ತಿ ಮುಚ್ಚಿಬಿಡದೆ, ಕೆಂಪು ಅಥವಾ ಊತ ಕಾಣುತ್ತಿದೆಯೇ ಎಂದು ಔಷಧಿ ಹರಿಯುವಷ್ಟು ಹೊತ್ತೂ ಗಮನಿಸುತ್ತಿರಬೇಕು.

ಸೋಂಕು ಚರ್ಮ, ಕಣ್ಣು, ಬಾಯಿಗಷ್ಟೇ ಸೀಮಿತವಾಗಿದ್ದರೆ 14 ದಿನ, ಮಿದುಳಿಗೆ ತಗುಲಿದ್ದರೆ ಅಥವಾ ಮೈಯೆಲ್ಲ ಹರಡಿದ್ದರೆ ಕನಿಷ್ಠ 21 ದಿನ ಚಿಕಿತ್ಸೆ ನಡೆಯಬೇಕು. ಐದಾರು ದಿನಕ್ಕೆ ಮಗು ಚುರುಕಾಗಿ ಹಾಲು ಕುಡಿಯತೊಡಗಿದಾಗ ಮನೆಗೆ ಕರೆದೊಯ್ಯುವ ಆಸೆ ಸಹಜವೇ, ಆದರೆ ಆಗ ನಿಲ್ಲಿಸಲೇಕೂಡದು. ಮಿದುಳಿನ ಸೋಂಕಿದ್ದವರಿಗೆ ಕೊನೆಯಲ್ಲಿ ಬೆನ್ನುಹುರಿಯ ದ್ರವವನ್ನು ಮತ್ತೆ ಪರೀಕ್ಷಿಸಬೇಕು. ವೈರಸ್ ಉಳಿದಿದ್ದರೆ ಇನ್ನೊಂದು ವಾರ ಮುಂದುವರಿಸಬೇಕು. ಈ ಅವಧಿಯಲ್ಲಿ ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ಮತ್ತು ಬಿಳಿರಕ್ತಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳ ಎಣಿಕೆಯನ್ನು ಆಗಾಗ ನೋಡುತ್ತಿರಬೇಕು. ಕಣ್ಣಿಗೆ ಸೋಂಕಿದ್ದರೆ ನೇತ್ರತಜ್ಞರು ಹನಿಯನ್ನೂ ಸೇರಿಸುತ್ತಾರೆ.

ಮನೆಗೆ ಹೋದ ಮೇಲೆ ಆರು ತಿಂಗಳು ದಿನಕ್ಕೆ ಮೂರು ಬಾರಿ ಬಾಯಿಯ ಮೂಲಕ ಅಸೈಕ್ಲೋವಿರ್ ಕೊಡಬೇಕು. ಪ್ರತಿ ಸಲದ ಪ್ರಮಾಣ ದೇಹದ ಮೇಲ್ಮೈಯ ಚದರ ಮೀಟರಿಗೆ 300 ಮಿಲಿಗ್ರಾಂ. ಮಗು ಬೆಳೆದಂತೆ ಅದು ಸಾಲದಾಗುವುದರಿಂದ ವೈದ್ಯರಲ್ಲಿ ತಿಂಗಳಿಗೊಮ್ಮೆ ತೂಕ ತೋರಿಸಿ ಹೊಸ ಲೆಕ್ಕ ಪಡೆಯಬೇಕು. ಸಿರಪ್‌ಗಳ ಸಾಂದ್ರತೆ ಬೇರೆಬೇರೆಯಾಗಿರುತ್ತದೆ. ಬಾಟಲಿ ಬದಲಾದಾಗಲೆಲ್ಲ ಎಷ್ಟು ಮಿಲಿಲೀಟರ್ ಎಂಬುದನ್ನು ಮತ್ತೆ ಕೇಳಿಕೊಂಡು, ಚಮಚದ ಬದಲು ಸಿರಿಂಜಿನಲ್ಲೇ ಅಳೆಯಬೇಕು. ಸ್ತನದ ಮೇಲೆ ಹುಣ್ಣಿಲ್ಲದಿದ್ದರೆ ತಾಯಿ ಎದೆಹಾಲು ಕೊಡಬಹುದು. ತುಟಿಯಲ್ಲಿ ಗುಳ್ಳೆ ಎದ್ದವರು ಅದು ಒಣಗುವವರೆಗೆ ಮಗುವಿಗೆ ಮುತ್ತಿಡಬಾರದು.