ವಿಮಾನದಲ್ಲಿ ಬಾಗಿದ ಸೈಕಲ್ ಹ್ಯಾಂಗರ್ ಕ್ಯಾಂಡಿಯಲ್ಲಿ ನೆಟ್ಟಗಾಯಿತು

ಶ್ರೀಲಂಕಾದಲ್ಲಿ ಸ್ಟೇಜ್ ರೇಸ್‌ಗೆ (ಹಲವು ದಿನ, ಹಂತ ಹಂತವಾಗಿ ನಡೆಯುವ ಸೈಕಲ್ ರೇಸ್) ಹೋದಾಗ ನನ್ನ ಸೈಕಲ್ ಪೆಟ್ಟಿಗೆ ವಿಮಾನದಿಂದ ಜಜ್ಜಿಕೊಂಡೇ ಇಳಿಯಿತು. ಜೋಡಿಸಿ ತುಳಿದರೆ ಹಿಂದಿನ ಗೇರ್ ತಾನಾಗಿಯೇ ಹಾರುತ್ತಿತ್ತು, ಅದೂ ಏರಿನಲ್ಲೇ ಜಾಸ್ತಿ. ಮರುದಿನ ಕ್ಯಾಂಡಿಯಿಂದ ನುವರ ಎಲಿಯಾಗೆ, ಅಂದರೆ ಸುಮಾರು 500 ಮೀಟರ್ ಎತ್ತರದಿಂದ 1,868ಕ್ಕೆ ಹತ್ತಬೇಕು. ಮುಳ್ಳಯ್ಯನಗಿರಿ ಎಷ್ಟು ಹತ್ತಿದ್ದರೂ ಗೇರ್ ನಿಲ್ಲದಿದ್ದರೆ ಏನು ಪ್ರಯೋಜನ, ಅಲ್ವಾ?

ಕೇಬಲ್ ಬಿಗಿ ಮಾಡಿದೆ, ಸಡಿಲ ಮಾಡಿದೆ. ಊಹೂಂ. ಹಿಂದೆ ನಿಂತು ನೋಡಿದರೆ ಡಿರೇಲರ್, ಅಂದರೆ ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ, ಚಕ್ರದ ಕಡೆಗೆ ವಾಲಿತ್ತು. ಬಾಗಿದ್ದು ಹ್ಯಾಂಗರ್, ಡಿರೇಲರನ್ನು ಫ್ರೇಮ್‌ಗೆ ಹಿಡಿದಿಡುವ ಸಣ್ಣ ಲೋಹದ ತುಂಡು. ಅದು ಹೆಚ್ಚಾಗಿ ಒಂದೊಂದು ಫ್ರೇಮ್‌ಗೆ ಒಂದೊಂದು ನಮೂನೆ, ಗೊತ್ತಿಲ್ಲದ ಊರಲ್ಲಿ ಎಲ್ಲಿ ಹುಡುಕುವುದು?

ಚಿಕ್ಕಮಗಳೂರಿನ ನಮ್ಮ ಮೆಕ್ಯಾನಿಕ್ ಅಣ್ಣನಿಗೆ ವಿಡಿಯೊ ಕಾಲ್ ಮಾಡಿದೆ. 'ಡಿರೇಲರ್ ಬಿಚ್ಚು ಮಾರಾಯ, ಬೇರೆ ಸೈಕಲ್ಲಿನ ಹಿಂದಿನ ಚಕ್ರದ ಆಕ್ಸಲ್ ಆ ತೂತಿಗೇ ತಿರುಗಿಸು' ಎಂದರು. ಕ್ವಿಕ್ ರಿಲೀಸ್ (ಲಿವರ್ ತೆರೆದು ಬಿಚ್ಚುವ) ಹಿಂಚಕ್ರದ ಆಕ್ಸಲ್ ಸಾಮಾನ್ಯವಾಗಿ 10 ಮಿ.ಮೀ. ದಪ್ಪ, 1 ಮಿ.ಮೀ. ಥ್ರೆಡ್, ಹ್ಯಾಂಗರ್ ತೂತೂ ಅದೇ ಅಳತೆ. ಈಗ ಎರಡು ಚಕ್ರ ಅಕ್ಕಪಕ್ಕ ನಿಂತವು. ಎರಡೂ ರಿಮ್‌ಗಳ ನಡುವಿನ ಅಂತರ ಮೇಲೆ, ಕೆಳಗೆ, ಮುಂದೆ, ಹಿಂದೆ ಒಂದೇ ಆಗುವವರೆಗೆ ಹೊರಗಿನ ಚಕ್ರ ಹಿಡಿದು ಮೆಲ್ಲಗೆ ಎಳೆದೆ. ಹ್ಯಾಂಗರ್ ಅಲ್ಯೂಮಿನಿಯಂ ಆದ್ದರಿಂದ ಸುಮ್ನೆ ಅತ್ತಿತ್ತ ಬಗ್ಗಿಸುತ್ತಾ ಕೂತರೆ ಮುರಿದೇ ಹೋಗುತ್ತದೆ.

ಆಮೇಲೆ ಡಿರೇಲರ್ ಎಲ್ಲಿವರೆಗೆ ಸರಿಯಬಹುದು ಎಂದು ತಡೆಯುವ ಲಿಮಿಟ್ ಸ್ಕ್ರೂ ನೋಡಲೇಬೇಕು, ಇಲ್ಲದಿದ್ದರೆ ಅದು ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಳ್ಳಬಹುದು. ಮರುದಿನ ನುವರ ಎಲಿಯಾ ದಾರಿಯ ರಂಬೋಡದ ತಿರುವುಗಳಲ್ಲೂ ಚೈನ್ ಹಾರಲಿಲ್ಲ. ಈಗ ವಿಮಾನಕ್ಕೆ ಹಾಕುವಾಗ ಡಿರೇಲರ್ ಬಿಚ್ಚಿ ಬಟ್ಟೆ ಸುತ್ತುತ್ತೇನೆ, ಜೊತೆಗೆ ಒಂದು ಸ್ಪೇರ್ ಹ್ಯಾಂಗರ್.